ಘಾಟಿಯಲ್ಲಿ ಕೈಕೊಟ್ಟ ಹೊಸ ಬ್ರೇಕ್ ಪ್ಯಾಡ್

ಪ್ರಶ್ನೆ: ಕಾರಿಗೆ ಹೊಸ ಪ್ಯಾಡ್ ಹಾಕಿಸಿದ ಮರುದಿನವೇ ಘಾಟಿ ಇಳಿದೆ. ಪೆಡಲ್ ಗಟ್ಟಿಯಾಗಿದ್ದರೂ ಬ್ರೇಕ್ ಹಿಡಿಯಲಿಲ್ಲ, ಸುಟ್ಟ ವಾಸನೆ ಬಂತು. ಪ್ಯಾಡ್ ನಕಲಿಯೇ?

ಉತ್ತರ: ಇಷ್ಟಕ್ಕೇ ನಕಲಿ ಎನ್ನಲಾಗದು. ಪ್ಯಾಡಿನ ನಾರು, ಲೋಹದ ಪುಡಿ, ಗ್ರಾಫೈಟ್‌ಗಳನ್ನು ಹಿಡಿದಿಡುವುದು ಫೀನಾಲಿಕ್ ರಾಳ ಎಂಬ ಅಂಟು. ಶಾಖ ಸುಮಾರು 300 ಡಿಗ್ರಿ ಸೆಲ್ಸಿಯಸ್ ದಾಟಿದರೆ ಅದು ಒಡೆದು ಅನಿಲ ಬಿಡುತ್ತದೆ, ಘರ್ಷಣೆ ಕುಸಿಯುತ್ತದೆ. ಇನ್ನೂ ಪಳಗದ, ಅಂದರೆ ಡಿಸ್ಕ್‌ಗೆ ಉಜ್ಜಿ ಹೊಂದಿಕೊಳ್ಳದ ಹೊಸ ಪ್ಯಾಡಿನಲ್ಲಿ ಇದು ಹೆಚ್ಚು. (ಪೆಡಲ್ ಮೆತ್ತಗಾಗಿದ್ದರೆ ಬ್ರೇಕ್ ಆಯಿಲ್ ಕುದಿದಿರುವ ಅನುಮಾನ ಬರುತ್ತಿತ್ತು.)

ಪ್ಯಾಡ್ ಬಿಚ್ಚಿಸಿ ನೋಡಿ. ಮೇಲ್ಮೈ ಗಾಜಿನಂತೆ ಹೊಳೆಯುತ್ತಿದ್ದರೆ, ಬಿರುಕಿದ್ದರೆ, ಅಂಚು ಉದುರಿದ್ದರೆ ಎರಡೂ ಬದಿಯ ಚಕ್ರಗಳದ್ದನ್ನು ಒಟ್ಟಿಗೇ ಬದಲಿಸಿ. ಬಳಿಕ ಹೊಸ ಪ್ಯಾಡ್ ಪಳಗಿಸಲು ಖಾಲಿ ರಸ್ತೆಯಲ್ಲಿ ವೇಗವನ್ನು 60ರಿಂದ 20 ಕಿ.ಮೀ.ಗೆ, ಪೂರ್ತಿ ನಿಲ್ಲಿಸದೆ, 8–10 ಸಲ ಹದವಾಗಿ ಇಳಿಸಿ. ನಡುನಡುವೆ ತಣಿಯಲು ಬಿಡಿ. ಇಳಿಜಾರಿನಲ್ಲಿ ಕೆಳಗಿನ ಗೇರೇ ಇರಲಿ, ಪೆಡಲ್ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ.