ತಾನಾಗಿ ಆಫ್ ಆಗುವ ಲ್ಯಾಪ್‌ಟಾಪ್

ಲ್ಯಾಪ್‌ಟಾಪ್ ತಾನಾಗಿ ಆಫ್ ಆಗುತ್ತದೆ, ಸಪೋರ್ಟ್‌ನವರು ಮೂರನೇ ಸಲ ವಿಂಡೋಸ್ ಹಾಕಿ ಅನ್ನುತ್ತಿದ್ದಾರೆ, ಹಾಕಲೇ ಅಂತ ಕೇಳಿದ್ದೀರಿ. ಸುಮ್ನೆ ಹಾಕಬೇಡಿ. ಅವರು ಎದುರಿಗಿರುವ ಸ್ಕ್ರಿಪ್ಟ್ ಓದುತ್ತಾರೆ ಅಷ್ಟೆ. ಪಾಪ, ಅದನ್ನು ಬಿಟ್ಟು ಮಾತಾಡುವ ಹಾಗೂ ಇಲ್ಲ.

ವಿಂಡೋಸ್‌ನಲ್ಲಿ ಏನೇನು ಆಯ್ತು ಅಂತ ದಾಖಲೆ ತೋರಿಸುವ ಈವೆಂಟ್ ವ್ಯೂವರ್ ತೆರೆದು, ಸಿಸ್ಟಮ್ ಲಾಗ್‌ನಲ್ಲಿ ಕರ್ನಲ್-ಪವರ್ 41 (Kernel-Power 41) ಅನ್ನುವ ದಾಖಲೆ ಹುಡುಕಿ. ಸರಿಯಾಗಿ ಶಟ್‌ಡೌನ್ ಆಗಿಲ್ಲ ಅಂತ ಮಾತ್ರ ಅದು ಹೇಳುತ್ತದೆ. ವಿವರದಲ್ಲಿ ಬಗ್‌ಚೆಕ್‌ಕೋಡ್ (BugcheckCode, ವಿಂಡೋಸ್ ಕ್ರ್ಯಾಶ್ ಆದರೆ ದಾಖಲಾಗುವ ದೋಷದ ಸಂಖ್ಯೆ) 0 ಇದ್ದರೆ ಬಿಸಿ, ಬ್ಯಾಟರಿ, ಚಾರ್ಜರ್ ಮೇಲೆ ಅನುಮಾನ ಜಾಸ್ತಿ. ಬೇರೆ ಸಂಖ್ಯೆ ಇದ್ದರೆ ಡ್ರೈವರ್, ರ್‍ಯಾಮ್ ನೋಡಿ. ನನಗೂ ಎರಡು ಸಲ ವಿಂಡೋಸ್ ಹಾಕಿಸಿದ್ದರು. ಕೊನೆಗೆ ಬಿಚ್ಚಿ ನೋಡಿದರೆ ಫ್ಯಾನೇ ತಿರುಗುತ್ತಿರಲಿಲ್ಲ!

ಆ ವಿವರದ ಸ್ಕ್ರೀನ್‌ಶಾಟ್ ಸಪೋರ್ಟ್‌ನವರಿಗೆ ಇಮೇಲ್ ಮಾಡಿ. ಹಳೇ ಟಿಕೆಟ್ ನಂಬರ್ ಬರೆದು, ಮೇಲಿನ ಹಂತದ ಎಂಜಿನಿಯರ್‌ಗೆ ಕಳಿಸಿ ಅಂತ ಕೇಳಿ. ಫೋನಲ್ಲಿ ಹೇಳಿದರೆ ಮತ್ತೆ ಮೊದಲಿಂದ ಶುರು, ಅಲ್ವಾ?