ಮಿರ್ಚಿ ಕರಿದ ಎಣ್ಣೆಗೆ ಕಾರು ಓಡುತ್ತಾ?

ಪ್ರಶ್ನೆ: ನಮ್ಮ ಬಾವನವರದು ಮಿರ್ಚಿ-ಮಂಡಕ್ಕಿ ಅಂಗಡಿ. ಕರಿದು ಉಳಿದ ಎಣ್ಣೆ ಡಬ್ಬಗಟ್ಟಲೆ ಇದೆ. ನನ್ನ ಹಳೇ ಡೀಸೆಲ್ ಅಂಬಾಸಿಡರ್‌ಗೆ ಸೋಸಿ ಹಾಕಬಹುದಾ ಸಾರ್?
- ಓದುಗರೊಬ್ಬರು, ದಾವಣಗೆರೆ

ಉತ್ತರ: ಓಡೋದೇನೋ ಓಡುತ್ತದೆ. 1900ರ ಪ್ಯಾರಿಸ್ ಪ್ರದರ್ಶನದಲ್ಲೇ ಡೀಸೆಲ್ ಎಂಜಿನ್ ಒಂದನ್ನು ಕಡಲೆಕಾಯಿ ಎಣ್ಣೆಯಲ್ಲಿ ಓಡಿಸಿದ್ದರು. ನಿಮ್ಮದು ಭಾರೀ ಒತ್ತಡದಲ್ಲಿ ಡೀಸೆಲ್ ಚಿಮ್ಮಿಸುವ ಹೊಸ ಕಾಮನ್ ರೈಲ್ ಎಂಜಿನ್ ಅಲ್ಲ, ಅಷ್ಟು ಪುಣ್ಯ. ಆದರೆ ಸುಮ್ನೆ ಸೋಸಿ ಸುರಿದರೆ ಕೆಲಸ ಕೆಡುತ್ತದೆ.

ಅಡುಗೆ ಎಣ್ಣೆ ಡೀಸೆಲ್‌ಗಿಂತ ಸುಮಾರು 10 ಪಟ್ಟು ಮಂದ. ಅದರಲ್ಲೂ ಕರಿಯೋದಕ್ಕೆ ಜಾಸ್ತಿ ಬಳಸುವುದು ಪಾಮ್ ಎಣ್ಣೆ. ಚಳಿಗಾಲದ ಬೆಳಿಗ್ಗೆ ಬಾವನ ಡಬ್ಬದ ತಳ ನೋಡಿ, ತುಪ್ಪದ ಹಾಗೆ ಬೆಳ್ಳಗೆ ಕೂತಿರುತ್ತದೆ. ಫಿಲ್ಟರ್‌ನಲ್ಲೂ ಹಾಗೇ ಕೂರುತ್ತದೆ. ಅದಕ್ಕೇ ಎರಡು ಟ್ಯಾಂಕ್ ಬೇಕು, ಒಂದು ಡೀಸೆಲ್‌ಗೆ, ಇನ್ನೊಂದು ಎಣ್ಣೆಗೆ. ಡೀಸೆಲ್‌ನಲ್ಲಿ ಸ್ಟಾರ್ಟ್ ಮಾಡಿ, ಎಂಜಿನ್ನಿನ ಬಿಸಿನೀರಿನಿಂದ ಎಣ್ಣೆ 70-80 ಡಿಗ್ರಿಗೆ ಕಾದ ಮೇಲೆ ಎಣ್ಣೆ ಟ್ಯಾಂಕ್‌ಗೆ ಬದಲಿಸಬೇಕು. ನಿಲ್ಲಿಸುವ ಮುಂಚೆ ಮತ್ತೆ ಡೀಸೆಲ್‌ಗೆ ಬರಬೇಕು. ಮರೆತರೆ ಮರುದಿನ ಗಾಡಿ ತಳ್ಳೋಕೆ ಬಾವನನ್ನೇ ಕರೆಯಿರಿ!

ಎಣ್ಣೆಯಲ್ಲಿ ನೀರಿದ್ದರೆ ಎಂಜಿನ್ನಿಗೆ ಇಂಧನ ಒತ್ತುವ ಪಂಪು ತುಕ್ಕು ಹಿಡಿಯುತ್ತದೆ. ಒಂದು ಸೌಟು ಬಾಣಲೆಗೆ ಹಾಕಿ ಕಾಯಿಸಿ, ಚಟಪಟ ಅಂದರೆ ನೀರಿದೆ ಅಂತಲೇ ಅರ್ಥ. ಪಂಪು ರೋಟರಿಯದಾದರೆ (ತಿರುಗುವ ಒಂದೇ ಭಾಗ ಎಲ್ಲ ಸಿಲಿಂಡರ್‌ಗೂ ಇಂಧನ ಹಂಚುವಂಥದ್ದು) ಈ ಸಾಹಸಕ್ಕೆ ಕೈ ಹಾಕಬೇಡಿ. ತಣ್ಣನೆಯ ಮಂದ ಎಣ್ಣೆಗೆ ಅದು ಬೇಗ ಹಾಳಾಗುತ್ತದೆ, ರಿಪೇರಿಯೂ ದುಬಾರಿ.

ಇನ್ನು ಇಂಧನ ವ್ಯವಸ್ಥೆ ಬದಲಿಸಲು ಆರ್‌ಟಿಒ ಒಪ್ಪಿಗೆ ಬೇಕಲ್ವಾ? ನನ್ನನ್ನು ಕೇಳಿದರೆ, ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ ಎಫ್‌ಎಸ್‌ಎಸ್‌ಎಐನ ರೂಕೋ (ಬಳಸಿದ ಅಡುಗೆ ಎಣ್ಣೆಯ ಮರುಬಳಕೆ) ಯೋಜನೆಯಡಿ ಕರಿದ ಎಣ್ಣೆಯನ್ನು ಬಯೋಡೀಸೆಲ್ ತಯಾರಿಸಲು ಕೊಳ್ಳುವವರಿದ್ದಾರೆ. ಅವರಿಗೆ ಮಾರಿ, ಆ ದುಡ್ಡಿಗೆ ಡೀಸೆಲ್ ಹಾಕಿಸಿ.