ಮೌಂಟೇನ್ ಬೈಕಿಗೆ ಅಗ್ಗದ ಟ್ಯೂಬ್ ಹಾಕಿದರೆ ನಡೆಯುತ್ತಾ? ಕೊಳ್ಳುವಾಗ ಏನು ನೋಡಬೇಕು?

ನೀವು ಕೇಳಿರುವುದು ಎರಡು. ಕಡಿಮೆ ಬೆಲೆಯ ಟ್ಯೂಬ್ ತಗೊಂಡರೆ ಮೋಸ ಹೋಗುತ್ತೇನಾ ಅನ್ನುವುದು ಒಂದು. ತಿಂಗಳಿಗೆ ಎರಡು ಸಲ ಪಂಕ್ಚರ್ ಆಗ್ತಿದೆ, ದುಬಾರಿ ಟ್ಯೂಬ್ ಹಾಕಿದರೆ ನಿಲ್ಲುತ್ತಾ ಅನ್ನುವುದು ಇನ್ನೊಂದು. ಎರಡಕ್ಕೂ ನನ್ನ ಉತ್ತರ ಇಲ್ಲ ಅಂತಲೇ.

ಟ್ಯೂಬ್ ಅಂದರೆ ಗಾಳಿ ತುಂಬುವ ರಬ್ಬರ್ ಚೀಲ, ಅಷ್ಟೇ. ಮುಳ್ಳು ತಡೆಯಬೇಕಾದದ್ದು ಟಯರ್. ಅಂಗಡಿಯಲ್ಲಿ ಸಿಗುವ ಮಾಮೂಲಿ ಟ್ಯೂಬ್ ಬ್ಯುಟೈಲ್ ರಬ್ಬರಿನದು. ಅದರಲ್ಲಿ ಗಾಳಿ ವಾರಗಟ್ಟಲೆ ನಿಲ್ಲುತ್ತದೆ. ಹೆಚ್ಚಿನ ಬೆಲೆ ಕೊಟ್ಟಾಗ ಬಹಳ ಸಲ ಸಿಗುವುದು ಬಲವಲ್ಲ, ಕಡಿಮೆ ತೂಕ. 29 ಇಂಚಿನ ಸಾಧಾರಣ ಬ್ಯುಟೈಲ್ ಟ್ಯೂಬ್ ಸುಮಾರು 200 ಗ್ರಾಂ ತೂಗುತ್ತದೆ. ಅದೇ ಅಳತೆಯ 'ಲೈಟ್' ಟ್ಯೂಬ್ ಹಗುರ ಯಾಕೆ ಗೊತ್ತಾ? ರಬ್ಬರ್ ತೆಳ್ಳಗಿದೆ, ಅದಕ್ಕೆ. ಜಾಸ್ತಿ ದುಡ್ಡು ಕೊಟ್ಟು ಬೇಗ ತೂತಾಗುವ ಮಾಲು ತಂದ ಹಾಗೆ. ರೇಸ್ ಓಡಿಸುವವರಿಗೆ ಅದರ ಲೆಕ್ಕ ಬೇರೆ.

ಲೇಟೆಕ್ಸ್ ಟ್ಯೂಬ್ ನಿಮಗೆ ಬೇಡ, ದಿನಾ ಗಾಳಿ ಹೊಡೆಯಬೇಕಾಗುತ್ತದೆ. ಟಿಪಿಯು ಅನ್ನುವ ಪ್ಲಾಸ್ಟಿಕ್ ತರದ ಟ್ಯೂಬ್ ಬ್ಯುಟೈಲ್‌ನ ಅರ್ಧ ತೂಕವೂ ಇರುವುದಿಲ್ಲ, ಮಡಿಸಿದರೆ ಅಂಗೈಯಲ್ಲಿ ಹಿಡಿಯುತ್ತದೆ. ಚೀಲದಲ್ಲಿ ಸ್ಪೇರ್ ಆಗಿ ಇಡಲು ಚೆನ್ನ. ಆದರೆ ಅದಕ್ಕೆ ಬೇರೆಯದೇ ಪ್ಯಾಚ್ ಬೇಕು, ಬೆಲೆಯೂ ಜಾಸ್ತಿ.

ಈಗ ಅಳತೆ. ದುಡ್ಡು ಹಾಳಾಗುವುದು ಹೆಚ್ಚಾಗಿ ಇಲ್ಲೇ. ಟಯರ್ ಪಕ್ಕದಲ್ಲಿ ಉಬ್ಬಕ್ಷರದಲ್ಲಿ 29×2.25 ಅಂತಲೋ, 57-622 ಅಂತಲೋ ಇರುತ್ತದೆ. ಎರಡನೆಯದನ್ನು ನಂಬಿ. 57 ಅಂದರೆ ಟಯರ್ ಅಗಲ, 622 ಅಂದರೆ ರಿಮ್ ಮೇಲೆ ಟಯರ್ ಕೂರುವ ಜಾಗದ ವ್ಯಾಸ, ಎರಡೂ ಮಿಲಿಮೀಟರಿನಲ್ಲಿ. ಮೌಂಟೇನ್ ಬೈಕುಗಳಲ್ಲಿ 26 ಇಂಚಿಗೆ 559, 27.5ಕ್ಕೆ 584, 29ಕ್ಕೆ 622. ಇಂಚಿನ ಲೆಕ್ಕ ನಂಬಿದರೆ ಏನಾಗುತ್ತದೆ ನೋಡಿ: 26×1.95 ಮತ್ತು 26×1⅜ ಒಂದೇ ಚಕ್ರದ್ದು ಅನ್ನಿಸುತ್ತದೆ ಅಲ್ವಾ? ಅಲ್ಲ. ಎರಡನೆಯದರ ರಿಮ್ 590, ಟಯರೂ ಸಣಕಲು.

ಟ್ಯೂಬ್ ಡಬ್ಬದ ಮೇಲೆ 1.9-2.3 ಅಂತ ಇಂಚಿನಲ್ಲಿ ಅಗಲದ ಮಿತಿ ಬರೆದಿರುತ್ತಾರೆ. ನಿಮ್ಮ ಟಯರ್ ಅಗಲ ಅದರೊಳಗೆ ಇರಬೇಕು. ಸಣ್ಣ ಟ್ಯೂಬನ್ನು ದೊಡ್ಡ ಟಯರಿಗೆ ಹಾಕಿದರೆ ಬಲೂನಿನ ಹಾಗೆ ಹಿಗ್ಗಿ ತೆಳ್ಳಗಾಗುತ್ತದೆ. ದಾರಿ ಮಧ್ಯೆ ಸಿಕ್ಕಿಹಾಕಿಕೊಂಡಾಗ 29ರ ಚಕ್ರಕ್ಕೆ 27.5ರ ಟ್ಯೂಬ್ ಎಳೆದು ಹಾಕಿ ನಾನೇ ಮನೆಗೆ ಬಂದಿದ್ದೇನೆ. ಬಂದಮೇಲೆ ತೆಗೆದೆ.

ವಾಲ್ವ್ ಕೂಡ ನೋಡಿ. ಕಾರಿನಲ್ಲಿರುವಂಥ ದಪ್ಪನೆಯದು ಶ್ರೇಡರ್. ತೆಳ್ಳಗೆ, ತುದಿಯಲ್ಲಿ ಪುಟ್ಟ ತಿರುಪು ಇರುವುದು ಪ್ರೆಸ್ಟಾ. ಪ್ರೆಸ್ಟಾ ರಿಮ್ಮಿನ ತೂತು ಸುಮಾರು 6.5 ಮಿಲಿಮೀಟರ್, ಅದರಲ್ಲಿ ಶ್ರೇಡರ್ ತೂರುವುದಿಲ್ಲ. ಶ್ರೇಡರ್ ತೂತಿಗೆ ಪ್ರೆಸ್ಟಾ ಹಾಕಬಹುದು, ನಡುವೆ ಹಾಕಲು ಒಂದು ಬಳೆ ಸಿಗುತ್ತದೆ. ನಿಮ್ಮ ಪಂಪ್ ಯಾವುದಕ್ಕೆ ಹೊಂದುತ್ತದೆ ಅಂತಲೂ ನೋಡಿಕೊಳ್ಳಿ.

ಇಷ್ಟು ತಿಳಿದರೆ ಅಗ್ಗಕ್ಕೆ ಕೊಳ್ಳುವುದು ಸುಲಭ. ಬಣ್ಣದ ಡಬ್ಬ ಇಲ್ಲದೆ, ಬರೀ ರಬ್ಬರ್ ಬ್ಯಾಂಡ್ ಸುತ್ತಿದ ಟ್ಯೂಬ್‌ಗಳನ್ನು ರಿಪೇರಿ ಅಂಗಡಿಯವರು ಕಟ್ಟುಗಟ್ಟಲೆ ತರಿಸುತ್ತಾರೆ. ಅದರಲ್ಲೇ ಕೊಡಿ ಅಂತ ಕೇಳಿ. ಸೈಕಲ್ ಗೆಳೆಯರಿದ್ದರೆ ಒಟ್ಟಿಗೆ ತರಿಸಿ ಹಂಚಿಕೊಳ್ಳಿ. ನಾನೂ ಒಮ್ಮೆ ಆರು ತರಿಸಿದೆ. ಕಪಾಟಿಗೆ ಹಾಕಿ ಮರೆತೆ. ಎಂಟು ತಿಂಗಳಾದ ಮೇಲೆ ಬೇಕಾದಾಗ ನೋಡಿದರೆ ಎರಡರಲ್ಲಿ ವಾಲ್ವಿನ ಬುಡದಲ್ಲೇ ಗಾಳಿ ಸೋರುತ್ತಿತ್ತು. ವಾಪಸ್ ಕೊಡುವ ಗಡುವು ಯಾವತ್ತೋ ಮುಗಿದಿತ್ತು. ಈಗ ತಂದ ದಿನವೇ ಟ್ಯೂಬ್ ದುಂಡಗಾಗುವಷ್ಟು ಮಾತ್ರ ಗಾಳಿ ಹೊಡೆದು ರಾತ್ರಿಯಿಡೀ ಬಿಡುತ್ತೇನೆ. ಬೆಳಗ್ಗೆ ಸೊರಗಿದ್ದರೆ ವಾಪಸ್. ಮಡಿಕೆ ಇದ್ದ ಕಡೆ ಸಣ್ಣ ಬಿರುಕು ಕಂಡರೆ ಅದು ಹಳೇ ಸ್ಟಾಕು, ಮುಟ್ಟಬೇಡಿ.

ಇನ್ನು ನಿಮ್ಮ ಪಂಕ್ಚರ್. ಟ್ಯೂಬ್ ಬದಲಿಸುವ ಮುಂಚೆ ತೂತು ಎಲ್ಲಿದೆ ನೋಡಿದ್ದೀರಾ? ಟಯರ್ ಹಾಕುವಾಗ ಅದರ ಹೆಸರು ಬರೆದ ಜಾಗ ವಾಲ್ವಿಗೆ ಸರಿಯಾಗಿ ಬರುವ ಹಾಗೆ ಕೂರಿಸಿ. ಪಂಕ್ಚರ್ ಆದಾಗ ಟ್ಯೂಬನ್ನು ಟಯರ್ ಪಕ್ಕ ಹಿಡಿದರೆ ತೂತಿನ ನೇರಕ್ಕೆ ಟಯರಿನಲ್ಲಿ ಎಲ್ಲಿ ಹುಡುಕಬೇಕು ಅಂತ ತಿಳಿಯುತ್ತದೆ. ಟಯರ್ ಒಳಗೆ ಬೆರಳಾಡಿಸಿ, ನಿಧಾನವಾಗಿ. ಮುರಿದ ಮುಳ್ಳಿನ ತುದಿ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಚುಚ್ಚುತ್ತದೆ. ಅದನ್ನು ಕೀಳದೆ ಎಷ್ಟು ಹೊಸ ಟ್ಯೂಬ್ ಹಾಕಿದರೂ ಅಷ್ಟೂ ಹೋಗುತ್ತವೆ.

ಅಕ್ಕಪಕ್ಕ ಎರಡು ಸೀಳು, ಹಾವು ಕಚ್ಚಿದ ಹಾಗೆ ಇದ್ದರೆ ಗಾಳಿ ಕಡಿಮೆ ಇತ್ತು, ಕಲ್ಲಿಗೂ ರಿಮ್ಮಿಗೂ ನಡುವೆ ಟ್ಯೂಬ್ ಸಿಕ್ಕಿ ಜಜ್ಜಿದೆ. ನನ್ನ ತೂಕಕ್ಕೆ 30 ಪಿಎಸ್‌ಐ (ಗಾಳಿಯ ಒತ್ತಡದ ಅಳತೆ) ಆಸುಪಾಸು ಸಾಕಾಗುತ್ತದೆ, ಅದಕ್ಕಿಂತ ಇಳಿಸಿದಾಗೆಲ್ಲ ಕಚ್ಚಿಸಿಕೊಂಡಿದ್ದೇನೆ. ವಾಲ್ವ್ ಓರೆಯಾಗಿ ನಿಂತಿದ್ದರೂ ಅದೇ ಕಥೆ: ಗಾಳಿ ಸಾಲದೆ ಟಯರ್ ರಿಮ್ ಮೇಲೆ ಸರಿದು ಟ್ಯೂಬನ್ನೂ ಎಳೆದುಕೊಂಡು ಹೋಗಿದೆ. ಬಿಟ್ಟರೆ ಬುಡದಲ್ಲಿ ಹರಿಯುತ್ತದೆ, ಅಲ್ಲಿಗೆ ಪ್ಯಾಚ್ ಕೂರುವುದಿಲ್ಲ.

ಮೂರನೆಯದು ನನ್ನನ್ನು ಸಾಕಷ್ಟು ಕಾಡಿದ್ದು. ಹಿಂದಿನ ಚಕ್ರದಲ್ಲಿ ನಾಲ್ಕು ಪಂಕ್ಚರ್ ಆಗಿ, ನಾಲ್ಕು ಸಲ ಟ್ಯೂಬ್ ಕಂಪನಿಯನ್ನು ಬೈದಿದ್ದೆ. ಆಮೇಲೆ ನಾಲ್ಕನ್ನೂ ಸಾಲಾಗಿ ಇಟ್ಟು ನೋಡಿದೆ. ಎಲ್ಲ ತೂತೂ ಒಳಬದಿಯಲ್ಲಿ, ರಿಮ್ ಕಡೆಗೆ! ರಿಮ್ಮಿನ ಒಳಗಿನ ತೂತುಗಳನ್ನು ಮುಚ್ಚುವ ಪಟ್ಟಿ, ಅಂದರೆ ರಿಮ್ ಟೇಪ್, ಒಂದು ಕಡೆ ಸರಿದು, ಕಡ್ಡಿ ಕೂರುವ ತೂತಿನ ಅಂಚು ಟ್ಯೂಬನ್ನು ಕೊರೆಯುತ್ತಿತ್ತು. ಹೊಸ ಟೇಪ್ ಸುತ್ತಿದೆ, ನಿಂತುಹೋಯಿತು.

ಆ ನಾಲ್ಕಕ್ಕೂ ಪ್ಯಾಚ್ ಹಾಕಿದೆ, ಎರಡು ಈಗಲೂ ಓಡುತ್ತಿವೆ. ಪ್ಯಾಚ್ ಅಂಟಲ್ಲ ಅನ್ನುವವರು ಬಹಳ ಸಲ ಆತುರ ಮಾಡಿರುತ್ತಾರೆ. ಉಪ್ಪುಕಾಗದದಲ್ಲಿ ಉಜ್ಜಿ ಹೊಳಪು ತೆಗೆಯಿರಿ, ಸಲ್ಯೂಷನ್ ತೆಳ್ಳಗೆ ಹಚ್ಚಿ, ಐದು ನಿಮಿಷ ಸುಮ್ನೆ ಬಿಡಿ. ಬೆರಳಿಗೆ ಒಣಗಿದಂತೆ ಅನ್ನಿಸಿದ ಮೇಲೆ ಪ್ಯಾಚ್ ಇಟ್ಟು ಗಟ್ಟಿಯಾಗಿ ಒತ್ತಿ.

ಸ್ಪೇರ್ ಟ್ಯೂಬನ್ನು ಮಾತ್ರ ಚೀಲದಲ್ಲಿ ಹಾಗೇ ಬಿಡಬೇಡಿ. ಪಾನಾ, ಟಯರ್ ಕಳಚುವ ಲಿವರ್ ಜೊತೆ ಉಜ್ಜಿ ಉಜ್ಜಿ ಹಾಕುವ ಮೊದಲೇ ತೂತಾಗಿರುತ್ತದೆ. ನನ್ನದು ಒಂದು ಹಳೇ ಕಾಲುಚೀಲದಲ್ಲಿರುತ್ತದೆ. ಚೈನ್ ಮುಟ್ಟಿ ಕೈ ಕರ್ರಗಾದಾಗ ಒರೆಸಿಕೊಳ್ಳಲೂ ಅದೇ.